ಇಪ್ಪತ್ತೆಂಟನೆಯ ಮುಖ

"ತಲೆ ಸ್ವಲ್ಪ ಎತ್ತಿ ಅಮ್ಮಾ," ಎನ್ನುತ್ತ ಕನ್ನಡಕದಂಗಡಿಯ ಹುಡುಗ ಮುಂದಕ್ಕೆ ಬಾಗಿ, ಹೊಸ ಕನ್ನಡಕದ ಕಡ್ಡಿಗಳನ್ನು ಅಮ್ಮನ ಎರಡೂ ಕಿವಿಗಳ ಹಿಂದೆ ಮೆಲ್ಲಗೆ ಕೂರಿಸಿದ. ಕಣ್ಣಿನ ಪೊರೆ ತೆಗೆಸಿ ಆರು ವಾರವಾಗಿತ್ತು. ಅಷ್ಟು ದಿನವೂ ಅಮ್ಮನಿಗೆ ಲೋಕವೆಲ್ಲ ನೀರೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ಈಗ ಮೊದಲ ಸಲ ಎಲ್ಲಕ್ಕೂ ಅಂಚು ಮೂಡಿತು. ಎಲ್ಲಕ್ಕಿಂತ ಹತ್ತಿರದಲ್ಲಿದ್ದದ್ದು ಆ ಹುಡುಗನ ಮುಖ.

ಅಮ್ಮ ಕೈ ಎತ್ತಿ ಅವನ ಎಡಹುಬ್ಬಿನ ನಡುವೆ ಕೂದಲಿಲ್ಲದ ಸಣ್ಣ ಗೆರೆಯೊಂದನ್ನು ಹೆಬ್ಬೆರಳಿನಿಂದ ಮುಟ್ಟಿದಳು. ಆಮೇಲೆ ಅವನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಗುಬ್ಬಿ," ಎಂದಳು.

ಪಕ್ಕದಲ್ಲಿ ಮಗಳು ಕೂತಿದ್ದಳು. ಅಮ್ಮನಿಗೆ ಕಂಡದ್ದು ಅವಳಿಗೂ ಆ ಕ್ಷಣದಲ್ಲೇ ಕಂಡಿತ್ತು. ಹುಬ್ಬಿನ ಗೆರೆ, ತುಸು ಹೊರಕ್ಕೆ ಬಾಗಿದ ಬಲಗಿವಿ, ನಗುವ ಮೊದಲೇ ಒಂದು ಕಡೆ ಮೇಲೇಳುವ ತುಟಿ. ಎಲ್ಲವೂ ಮನೆಯ ಗೋಡೆಯ ಮೇಲಿತ್ತು. ಚಳಿಗಾಲದಲ್ಲಿ ತಾನೇ ಬರೆದು, ತಾನೇ ಮೊಳೆ ಹೊಡೆದು ತೂಗುಹಾಕಿದ ಚಿತ್ರ. ಅದೇ ಚಳಿಗಾಲದಲ್ಲಿ ತನ್ನ ಕನ್ನಡಕಕ್ಕೆಂದು ಈ ಅಂಗಡಿಗೆ ಅವಳು ನಾಲ್ಕು ಸಲ ಬಂದಿದ್ದಳು. ಇದೇ ಹುಡುಗ ಹೀಗೇ ಮುಖದ ಹತ್ತಿರ ಬಾಗಿ ಅವಳಿಗೂ ಕಡ್ಡಿ ಕೂರಿಸಿದ್ದ.

ಹುಡುಗ ಮೊದಲು ನಕ್ಕ. ತೋಳು ಬಿಡದಿದ್ದಾಗ ನಗು ಆರಿತು.

"ನೀವು ಬೇರೆ ಯಾರನ್ನೋ ಅಂದ್ಕೊಂಡಿದೀರಿ. ನಮ್ಮಮ್ಮ ಮನೇಲಿದ್ದಾರೆ."

"ಇರ್ತಾರಪ್ಪ. ಇಲ್ಲ ಅಂತ ನಾನೆಲ್ಲಿ ಅಂದೆ? ಯಾರಾದ್ರೂ ಸಾಕಿರಲೇಬೇಕಲ್ಲ."

ಆ ಮಾತನ್ನು ಅಮ್ಮ ಎಷ್ಟು ಸಮಾಧಾನವಾಗಿ ಹೇಳಿದಳೆಂದರೆ, ಗಲ್ಲಾದಲ್ಲಿದ್ದ ಅಂಗಡಿಯ ಮಾಲೀಕರೂ ಎಣಿಸುತ್ತಿದ್ದ ನೋಟು ಕೆಳಗಿಟ್ಟು ನೋಡಿದರು. ಮಗಳು ಎದ್ದು ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಗುಬ್ಬಿ ಅವಳ ತಮ್ಮ. ಅನ್ನಕ್ಕಿಂತ ಹೆಚ್ಚಾಗಿ ತಟ್ಟೆಯ ಸುತ್ತ ಬಿದ್ದ ಚೂರುಗಳನ್ನೇ ಹೆಕ್ಕಿ ತಿನ್ನುತ್ತಿದ್ದುದರಿಂದ ಆ ಹೆಸರು. ಐದು ವರ್ಷದವನಿದ್ದಾಗ ಕಳೆದುಹೋದ. ಅದಕ್ಕೀಗ ಇಪ್ಪತ್ತೆಂಟು ವರ್ಷ.

ಆಗ ಅವಳಿಗೆ ಹತ್ತು. ಅಪ್ಪ ಮುದ್ರಣಾಲಯದಲ್ಲಿ ಪುಸ್ತಕ ಕಟ್ಟುವ ಕೆಲಸದಲ್ಲಿದ್ದರು. ಪುಸ್ತಕದ ಅಂಚು ಕತ್ತರಿಸಿದಾಗ ಬೀಳುವ ಕಾಗದದ ಪಟ್ಟಿಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು. ಎರಡು ಬೆರಳಗಲದ, ಮೊಳದುದ್ದದ ಪಟ್ಟಿಗಳು. ಹಾಗಾಗಿ ಅವಳು ಬರೆದದ್ದೆಲ್ಲ ಉದ್ದುದ್ದವೇ: ಸಾಲುಗಟ್ಟಿ ನಿಂತ ಜನ, ರೈಲು, ಕಂಬದಿಂದ ಕಂಬಕ್ಕೆ ಹೋದ ತಂತಿ, ತಂತಿಯ ಮೇಲೆ ಕಾಗೆ. ಪಟ್ಟಿ ಮುಗಿದರೆ ಗೋಡೆ, ಗೋಡೆ ಮುಗಿದರೆ ಮುಂಗೈ. "ನಮ್ಮನೇಲಿ ಒಬ್ಬಳು ಗೀಚುಬುರುಕಿ ಇದಾಳೆ, ಮಲಗಿದೋರೂ ಮುಖ ಮುಚ್ಕೊಂಡು ಮಲಗಬೇಕು," ಎಂದು ಅಪ್ಪ ಬಂದವರೆದುರು ಹೇಳಿಕೊಂಡು ನಗುತ್ತಿದ್ದರು. ಬೈಗುಳದ ಹಾಗಿದ್ದರೂ ಅದರಲ್ಲೊಂದು ಜಂಬವಿತ್ತು. ಆ ಹೆಸರು ಅವಳಿಗೂ ಇಷ್ಟವಾಗಿತ್ತು.

ಅಮ್ಮ ಮನೆಯಲ್ಲೇ ಅಂಗಿಯ ಕಾಲರು ಹೊಲಿದು ಬಟ್ಟೆ ಅಂಗಡಿಗೆ ಕೊಡುತ್ತಿದ್ದಳು. ಆ ದಿನವೂ ಮಕ್ಕಳಿಬ್ಬರನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ, ತಮ್ಮನ ಕೈ ಬಿಡಬೇಡ ಎಂದು ಹೇಳಿ, ಗಂಟು ಹೊತ್ತು ಒಳಗೆ ಹೋದಳು. ಮಗಳು ಸ್ವಲ್ಪ ಹೊತ್ತು ಕೈ ಹಿಡಿದುಕೊಂಡೇ ಇದ್ದಳು. ಗುಬ್ಬಿ ಕೆಳಗಿನ ಮೆಟ್ಟಿಲಿಗೆ ಇಳಿದು ಕುಕ್ಕರಗಾಲಿನಲ್ಲಿ ಕೂತು ಇರುವೆ ನೋಡತೊಡಗಿದ. ಅವನು ಕೂತ ರೀತಿ ಚೆನ್ನಾಗಿತ್ತು. ಬರೆಯಲು ಎರಡು ಕೈ ಬೇಕು, ಒಂದು ಪಟ್ಟಿ ಹಿಡಿಯಲು, ಇನ್ನೊಂದು ಪೆನ್ಸಿಲಿಗೆ. ತಲೆ ಬರೆದಳು, ಬಾಗಿದ ಬೆನ್ನು ಬರೆದಳು. ಕಿವಿ ಹೇಗಿದೆ ಎಂದು ನೋಡಲು ತಲೆ ಎತ್ತಿದಾಗ ಅಲ್ಲಿ ಯಾರೂ ಇರಲಿಲ್ಲ.

ಪೊಲೀಸರು ಫೋಟೋ ಕೇಳಿದರು. ಮನೆಯಲ್ಲಿದ್ದದ್ದು ಒಂದೇ ಒಂದು, ಆರು ತಿಂಗಳ ಕೂಸಿನದು, ಅದರಲ್ಲೂ ಕೂಸು ಅಲುಗಾಡಿ ಮುಖ ಹೊಗೆಯಂತಾಗಿತ್ತು. ಅವಳ ಮುಷ್ಟಿಯಲ್ಲಿ ಒದ್ದೆಯಾಗಿ ಮುದುಡಿದ್ದ ಪಟ್ಟಿಯನ್ನು ಪೇದೆಯೊಬ್ಬರು ಬಿಡಿಸಿ ನೋಡಿದರು. ಅವಳು ಏನು ಮಾಡುತ್ತ ಕೂತಿದ್ದಳೆಂದು ಬೇರೆ ಯಾರೂ ಹೇಳಬೇಕಾಗಲಿಲ್ಲ. ಬೇರೆ ದಾರಿ ಕಾಣದೆ ಅಪ್ಪ ಅದನ್ನೇ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿ ಊರ ಗೋಡೆಗಳಿಗೆಲ್ಲ ಅಂಟಿಸಿದರು. ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಗೋಡೆಯೆದುರು ಇಬ್ಬರು ನಿಂತು, ಇದು ಮಗುವೋ ಕುಂಬಳಕಾಯಿಯೋ ಎಂದು ನಗುವುದನ್ನು ಅವಳು ಹಿಂದಿನಿಂದ ಕೇಳಿಸಿಕೊಂಡಳು. ಮನೆಗೆ ಬಂದು ತಮ್ಮನ ಮುಖವನ್ನು ಮತ್ತೆ ಬರೆದಳು. ಕುಂಬಳಕಾಯಿಯೇ ಬಂತು. ಮತ್ತೆ ಬರೆದಳು.

ಅವಳ ಕಲಿಕೆ ಶುರುವಾದದ್ದು ಹಾಗೆ. ಹೇಳಿಕೊಡುವವರು ಯಾರೂ ಇರಲಿಲ್ಲ. ಶಾಲೆಯಲ್ಲಿ ಮುಂದೆ ಕೂತವರ ಕುತ್ತಿಗೆ ಬರೆದಳು, ಸಾಲಿನಲ್ಲಿ ನಿಂತವರ ಮೂಗು ಬರೆದಳು. ಅಪ್ಪನ ಮುದ್ರಣಾಲಯದಲ್ಲಿ ವೈದ್ಯರ ಪುಸ್ತಕವೊಂದರ ಹಾಳಾದ ಹಾಳೆಗಳು ಸಿಕ್ಕಿದವು, ಅದರಲ್ಲಿ ತಲೆಬುರುಡೆಯಿತ್ತು. ಮುಖವೆಂದರೆ ಮೇಲಿನ ಚರ್ಮವಲ್ಲ, ಒಳಗಿನ ಮೂಳೆಯ ಮೇಲೆ ಹೊದಿಸಿದ ಹೊದಿಕೆ ಎಂಬುದು ಅವಳಿಗೆ ತಿಳಿದದ್ದು ಹದಿಮೂರನೆಯ ವಯಸ್ಸಿನಲ್ಲಿ. ಮಕ್ಕಳ ಕಣ್ಣು ಹೆಚ್ಚು ಬೆಳೆಯುವುದಿಲ್ಲ, ಕಣ್ಣಿನ ಕೆಳಗಿನ ಮುಖ ಉದ್ದವಾಗುತ್ತದೆ, ಹಾಲುಹಲ್ಲು ಬಿದ್ದ ಮೇಲೆ ದವಡೆ ಅಗಲವಾಗುತ್ತದೆ. ಇವೆಲ್ಲ ಅವಳಿಗೆ ಬೇಕಾಗಿದ್ದವು. ಯಾಕೆಂದರೆ ಅವನು ಹೋದ ಮೊದಲ ವರ್ಷ ತುಂಬಿದ ದಿನ ಅಮ್ಮ ಒಂದು ಕಾಗದ ತಂದು ಅವಳೆದುರು ಇಟ್ಟಿದ್ದಳು. ಈಗ ಅವನಿಗೆ ಆರು, ಆರರ ಹಾಗೆ ಬರಿ, ಅಂದಿದ್ದಳು. ಮೆಟ್ಟಿಲ ಮೇಲೆ ಅವಳೇನು ಮಾಡುತ್ತಿದ್ದಳೆಂಬ ಮಾತನ್ನು ಅಮ್ಮ ಆಗಲೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ವರ್ಷಕ್ಕೊಂದು ಕಾಗದ ತಂದಿಡುತ್ತಿದ್ದಳು, ಅಷ್ಟೆ.

ಏಳರ ಗುಬ್ಬಿ, ಎಂಟರ ಗುಬ್ಬಿ, ಮೀಸೆ ಚಿಗುರುವ ಗುಬ್ಬಿ. ಪ್ರತಿ ಚಿತ್ರ ಮುಗಿದಾಗ ಅಮ್ಮ ಅದರ ಪ್ರತಿ ಮಾಡಿಸಿಕೊಂಡು ಠಾಣೆ, ಆಸ್ಪತ್ರೆ, ಅನಾಥಾಲಯ ಎಂದು ಸುತ್ತುತ್ತಿದ್ದಳು. ಅಪ್ಪ ಒಂಬತ್ತು ವರ್ಷ ಜೊತೆಗೆ ಸುತ್ತಿದರು. ಹತ್ತನೆಯ ವರ್ಷ ಚಪ್ಪಲಿ ಮೆಟ್ಟಿಕೊಂಡವರು ಬಾಗಿಲಲ್ಲೇ ನಿಂತು, ಇನ್ನು ನನ್ನಿಂದಾಗಲ್ಲ ಎಂದು ಚಪ್ಪಲಿ ಕಳಚಿದರು. ಆಮೇಲೆ ಒಂಬತ್ತು ವರ್ಷ ಬದುಕಿದ್ದರೂ ಮತ್ತೆ ಹೊರಡಲಿಲ್ಲ.

ಅವಳ ಕೈ ಮಾತ್ರ ಪಳಗುತ್ತ ಹೋಯಿತು. ಇಪ್ಪತ್ತರಲ್ಲಿದ್ದಾಗ ಪಕ್ಕದ ಬೀದಿಯ ವಿಧವೆಯೊಬ್ಬರು ಬಂದು, ಗಂಡನದ್ದು ಒಂದೂ ಫೋಟೋ ಇಲ್ಲ, ಬಾಯಲ್ಲಿ ಹೇಳಿದರೆ ಬರೀತೀಯಾ ಎಂದರು. ಮೂರು ದಿನ ಹಿಡಿಯಿತು. ಚಿತ್ರ ನೋಡಿದ ಆ ಹೆಂಗಸು ಅಳಲಿಲ್ಲ, ಸೆರಗು ಸರಿಮಾಡಿಕೊಂಡರು. ಅಲ್ಲಿಂದ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. ಮನೆಯ ಮುಂದಿನ ಕೋಣೆಯೇ ಕೆಲಸದ ಕೋಣೆಯಾಯಿತು. ಕಿಟಕಿಯ ಬಳಿ ಬಂದವರಿಗೊಂದು ಸ್ಟೂಲು, ಅವಳಿಗೊಂದು ಹಲಗೆ, ಹೊರಗೆ 'ಹೇಳಿದರೆ ಮುಖ ಬರೆದುಕೊಡುತ್ತೇವೆ' ಎಂಬ ಫಲಕ. ಮೂಗು ಹೇಗಿತ್ತು, ಕಣ್ಣು ಹೇಗಿತ್ತು ಎಂದು ಅವಳು ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಎಲ್ಲರೂ 'ಚೆನ್ನಾಗಿತ್ತು' ಎನ್ನುತ್ತಾರೆ. ಬೈಯುವಾಗ ಯಾವ ಕಡೆ ತಿರುಗುತ್ತಿದ್ದರು, ಸುಳ್ಳು ಹೇಳುವಾಗ ಎಲ್ಲಿ ಕೆರೆದುಕೊಳ್ಳುತ್ತಿದ್ದರು ಎಂದು ಕೇಳುತ್ತಿದ್ದಳು. ಜನ ನಗುತ್ತ ತಾವೇ ಹಾಗೆ ಮಾಡಿ ತೋರಿಸುತ್ತಿದ್ದರು. ಸತ್ತವರು ಬದುಕಿದವರ ಮುಖದಲ್ಲಿ ಒಂದು ನಿಮಿಷ ಬಂದು ಹೋಗುತ್ತಿದ್ದರು. ಅಷ್ಟು ಸಾಕಿತ್ತು ಅವಳಿಗೆ. ಚಿತ್ರದಕ್ಕ ಎಂದೇ ಎಲ್ಲರೂ ಕರೆಯತೊಡಗಿದರು.

ಊರವರ ಮುಖಗಳನ್ನೆಲ್ಲ ಬರೆದುಕೊಟ್ಟವಳಿಗೆ ತಮ್ಮನ ಮುಖ ಯಾವಾಗ ಕೈತಪ್ಪಿತೆಂಬುದು ಗೊತ್ತೇ ಆಗಲಿಲ್ಲ. ಒಂದು ವರ್ಷ ಕಾಗದದೆದುರು ಕೂತಾಗ ಕಣ್ಣಿನೊಳಗೆ ಏನೂ ಬರಲಿಲ್ಲ. ಬಂದದ್ದು ಹಿಂದಿನ ವರ್ಷದ ಚಿತ್ರ. ಅದಕ್ಕೆ ಒಂದು ವರ್ಷ ಸೇರಿಸಿದಳು. ಮರುವರ್ಷ ಅದಕ್ಕೆ ಇನ್ನೊಂದು. ಅಮ್ಮ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೌದು, ಇವನೇ, ಅನ್ನುತ್ತಿದ್ದಳು. ಆ 'ಹೌದು' ಕೇಳಿದಾಗಲೆಲ್ಲ ಅವಳು ತಲೆ ಎತ್ತದೆ ಪೆನ್ಸಿಲು ಚೂಪು ಮಾಡುತ್ತಿದ್ದಳು.

ಕನ್ನಡಕದಂಗಡಿಯಿಂದ ಬಂದ ದಿನ ಅಮ್ಮ ಮಲಗುವವರೆಗೂ ಗೋಡೆಯ ಚಿತ್ರದೆದುರು ಕೂತಿದ್ದಳು. ಮಗಳು ಹತ್ತು ರೀತಿಯಲ್ಲಿ ಹೇಳಿದಳು. ಲೋಕದಲ್ಲಿ ಒಬ್ಬರ ಹಾಗೆ ಏಳು ಜನ ಇರುತ್ತಾರಂತೆ, ಆ ಹುಡುಗನಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬಹುದು, ಗುಬ್ಬಿಗಾದರೆ ಮೂವತ್ತಮೂರಾಗಬೇಕು, ಎಂದಳು. ತಾನು ಆ ಹುಡುಗನನ್ನು ಮೊದಲೇ ನೋಡಿದ್ದೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳಿದಳು. ಅಮ್ಮ ತಲೆದೂಗಿ, ಸಾಕಿದವರು ಚೆನ್ನಾಗಿ ಸಾಕಿದ್ದಾರೆ, ಅದಕ್ಕೇ ಚಿಕ್ಕವನ ಹಾಗೆ ಕಾಣ್ತಾನೆ, ಎಂದಳು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅಮ್ಮ ಎದುರಿನ ಕಟ್ಟೆಯ ಮೇಲಿದ್ದಳು. ಅದರ ಮರುದಿನವೂ ಇದ್ದಳು. ಒಳಗೆ ಹೋಗಲಿಲ್ಲ, ಮಾತಾಡಿಸಲಿಲ್ಲ. ಅವನು ಊಟಕ್ಕೆ ಹೊರಟರೆ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ, ಅವನು ಮನೆ ಹೊಕ್ಕ ಮೇಲೆ ಬೀದಿಯ ತಿರುವಿನಲ್ಲಿ ಕಾಯುತ್ತಿದ್ದಳು. ಮಗಳು ಕೈ ಹಿಡಿದು ಕರೆತಂದರೆ ಬರುತ್ತಿದ್ದಳು. ಕೆಲಸದ ನಡುವೆ ತಲೆ ಎತ್ತಿ ನೋಡಿದರೆ ಮನೆಯಲ್ಲಿರುತ್ತಿರಲಿಲ್ಲ. ಮಾಲೀಕರು ಎರಡು ಸಲ ಫೋನ್ ಮಾಡಿ ಮರ್ಯಾದೆಯಾಗಿ ಹೇಳಿದರು, ಮೂರನೆಯ ಸಲ ಹಾಗೆ ಹೇಳಲಿಲ್ಲ.

ಒಂಬತ್ತನೆಯ ದಿನ ಸಂಜೆ ಆ ಹುಡುಗನೇ ಮನೆ ಹುಡುಕಿಕೊಂಡು ಬಂದ.

ಬಾಗಿಲಲ್ಲಿ ಅವನನ್ನು ಕಂಡ ಅಮ್ಮನ ಮುಖ ಹೇಗಾಯಿತೆಂದು ಮಗಳು ನೋಡಲಾರದೆ ಹೋದಳು. ಅಮ್ಮ ಕೂತ್ಕೋ ಅಂದಳು, ಕಾಲಿಗೆ ಚಾಪೆ ಎಳೆದಳು, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿ, ಉತ್ತರಕ್ಕೂ ಕಾಯದೆ ಅಡುಗೆಮನೆಗೆ ಓಡಿದಳು. ಹುಡುಗ ಸ್ಟೂಲಿನ ತುದಿಯಲ್ಲಿ ಕೂತ. ಜಗಳಕ್ಕೆ ಬಂದವನ ಹಾಗಿರಲಿಲ್ಲ. ಕಣ್ಣು ಕೆಂಪಾಗಿತ್ತು.

"ಅಕ್ಕಾ, ನಿಮ್ಮ ಕಷ್ಟ ಎಲ್ಲ ಕೇಳ್ದೆ. ಬೈಯೋಕೆ ಬಂದಿಲ್ಲ," ಎಂದ, ದನಿ ತಗ್ಗಿಸಿ. "ಆದ್ರೆ ನಮ್ಮಮ್ಮ ಸರಿಯಾಗಿ ಊಟ ಮಾಡಿ ನಾಲ್ಕು ದಿನ ಆಯ್ತು. ಹೆರಿಗೆ ಆಸ್ಪತ್ರೆ ಚೀಟಿ ತೆಗೆದು ನನಗೇ ತೋರಿಸ್ತಾರೆ. ನಾನೇನು ಕೇಳಿದ್ನಾ? ನೀನು ನನ್ನ ಮಗ ತಾನೇ ಅಂತಾರೆ. ನಾನು ಏನಂತ ಹೇಳಲಿ?"

ಅಷ್ಟರಲ್ಲಿ ಅವನ ದೃಷ್ಟಿ ಅವಳ ಭುಜದಾಚೆಗೆ ಹೋಯಿತು. ಎದ್ದು ಗೋಡೆಯ ಹತ್ತಿರ ಹೋದ. ತುಂಬ ಹೊತ್ತು ನಿಂತ.

"ಇದು ನಾನೇ," ಎಂದ.

ಅವನ ಕೈ ತನ್ನ ಹುಬ್ಬಿಗೆ ಹೋಯಿತು.

"ಈ ಹುಬ್ಬಿನ ಗಾಯ ಹೋದ ವರ್ಷ ಮಳೆಗಾಲದಲ್ಲಿ ಆದದ್ದು. ಅಂಗಡಿಯ ಬಾಗಿಲು ಎಳೆಯುವಾಗ ಕಬ್ಬಿಣದ ಕೊಕ್ಕೆ ಬಡಿದು. ಹುಟ್ಟಿದಾಗಿನದಲ್ಲ ಇದು. ನೀವು ನನ್ನ ನೋಡಿ ಬರೆದಿದ್ದೀರಿ ಅಕ್ಕಾ."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಲೋಟ ಹಿಡಿದು ನಿಂತಿದ್ದಳು. ಹಬೆ ಏರಿ ಹೊಸ ಕನ್ನಡಕದ ಮೇಲೆ ಮಂಜು ಕಟ್ಟಿತ್ತು. ಒರೆಸಿಕೊಳ್ಳಲಿಲ್ಲ. ಹುಡುಗ ತಿರುಗಿ ನೋಡಿದ. ಹತ್ತಿರ ಹೋಗಿ ಅವಳ ಕೈಯಿಂದ ಲೋಟ ತೆಗೆದುಕೊಂಡು, ನಿಂತೇ ಚಹಾ ಕುಡಿದು, ಖಾಲಿ ಲೋಟವನ್ನು ಕಿಟಕಿಯಲ್ಲಿಟ್ಟು, ಬರ್ತೀನಿ ಎಂದು ಅಭ್ಯಾಸಕ್ಕೆ ಬಂದ ಮಾತು ಹೇಳಿ ಹೊರಟುಹೋದ.

ಅವನು ಹೋದ ಮೇಲೆ ಮಗಳೇ ಹೇಳಿದಳು. "ಗುಬ್ಬಿ ಮುಖ ನಂಗೆ ನೆನಪಿಲ್ಲ ಅಮ್ಮ."

ಅಮ್ಮ ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಅವಳು ಕಾದಳು. ಹಾಗೆ ಮಾಡಿದ್ದರೆ ಹಗುರಾಗುತ್ತಿತ್ತೋ ಏನೋ. ಅಮ್ಮ ಕೋಣೆಗೆ ಹೋಗಿ ತಗಡಿನ ಪೆಟ್ಟಿಗೆ ಎಳೆದು ತಂದಳು. ಇಪ್ಪತ್ತೇಳು ಚಿತ್ರಗಳನ್ನು ನೆಲದ ಮೇಲೆ ಸಾಲಾಗಿ ಹಾಸಿ, ಗೋಡೆಯದ್ದನ್ನೂ ಇಳಿಸಿ ಕೊನೆಗಿಟ್ಟಳು. ಮೊದಲನೆಯದರ ಮೇಲೆ ಬೆರಳಿಟ್ಟಳು.

"ಇದು?"

"ಅವನೇ."

"ಇದು?"

"ಅವನೇ ಅಮ್ಮ."

ಬೆರಳು ಸರಿಯುತ್ತ ಹೋಯಿತು. ಒಂಬತ್ತನೆಯದಕ್ಕೆ ಬಂದಾಗ ಮಗಳು ತಡವರಿಸಿದಳು. ಹನ್ನೊಂದನೆಯದಕ್ಕೆ ಗೊತ್ತಿಲ್ಲ ಎಂದಳು. ಹದಿನಾಲ್ಕನೆಯದರ ಗಲ್ಲ ಶಾಲೆಯ ಗೆಳತಿಯೊಬ್ಬಳ ಅಣ್ಣನದು. ಹತ್ತೊಂಬತ್ತನೆಯದರ ಕಣ್ಣು ಅಪ್ಪನದೇ, ಅಪ್ಪ ತೀರಿಕೊಂಡ ವರ್ಷ ಬರೆದದ್ದು. ಇಪ್ಪತ್ತೆರಡನೆಯದು ಬಸ್ಸಿನಲ್ಲಿ ಎದುರು ಕೂತಿದ್ದ ಯಾರೋ. ಹೇಳುತ್ತ ಹೇಳುತ್ತ ಅವಳಿಗೆ ತಾನೇನು ಮಾಡಿದ್ದೇನೆಂಬುದು ತನ್ನ ಬಾಯಿಂದಲೇ ಕೇಳಿಸಿತು. ಊರೂರು ಸುತ್ತಿ ಅಮ್ಮ ಹದಿನೆಂಟು ವರ್ಷ ಹುಡುಕಿದ್ದು ಗೆಳತಿಯ ಅಣ್ಣನನ್ನು, ಬಸ್ಸಿನವನನ್ನು, ಇಲ್ಲದ ಯಾರನ್ನೋ. ಒಂದು ವೇಳೆ ಗುಬ್ಬಿ ಯಾವುದೋ ಗೋಡೆಯ ಮುಂದೆ ನಿಂತು ಆ ಚಿತ್ರ ನೋಡಿದ್ದರೂ ಸುಮ್ಮನೆ ಮುಂದಕ್ಕೆ ಹೋಗಿರುತ್ತಿದ್ದ.

"ನಿಂಗೆ ನೆನಪಿದೆಯಾ ಅಮ್ಮ?" ಎಂದು ಕೊನೆಗೆ ಕೇಳಿದಳು. "ನೀನು ಹೇಳು, ನಾನು ಬರೀತೀನಿ. ಮೊದಲಿಂದ ಬರೀತೀನಿ."

ಅಮ್ಮ ಕಣ್ಣು ಮುಚ್ಚಿದಳು. ರೆಪ್ಪೆಗಳು ಅದುರಿದವು. ಎಷ್ಟೋ ಹೊತ್ತು ಹಾಗೇ ಇದ್ದು ಕಣ್ಣು ತೆರೆದು, ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು.

ಆಮೇಲಿನ ದಿನಗಳು ಹೇಗೆ ಕಳೆದವೋ. ಅಮ್ಮ ಕಟ್ಟೆಗೆ ಹೋಗುವುದನ್ನು ಬಿಟ್ಟಳು. ಯಾವ ಮಾತನ್ನೂ ಆಡಲಿಲ್ಲ. ಇಟ್ಟರೆ ಉಣ್ಣುವಳು, ಇಲ್ಲದಿದ್ದರೆ ಇಲ್ಲ. ಮಗಳು ಫಲಕವನ್ನು ಮಗುಚಿಟ್ಟಳು. ಆದರೂ ಬಂದವರು ಬಂದರು. ತಾಯಿಯ ಮುಖ ಬೇಕೆಂದು ಬಂದ ಮುದುಕರೊಬ್ಬರು ಅರ್ಧ ದಿನ ಕೂತು ಹೇಳಿದರು. ಅವಳು ಬರೆದದ್ದನ್ನೆಲ್ಲ ಅಳಿಸಿದಳು. ಪೆನ್ಸಿಲು ಹಿಡಿದರೆ ಕೈಯೇ ತನ್ನದಲ್ಲವೆನಿಸುತ್ತಿತ್ತು. ಯಾರ ಕಣ್ಣನ್ನು ಯಾರಿಗೆ ಇಡುತ್ತಿದ್ದೇನೋ ಎಂದು ಹೆದರಿಕೆ. ನಾಳೆ ಬನ್ನಿ ಎಂದು ಅವರನ್ನು ಕಳಿಸಿ, ಇನ್ನು ಈ ಕೆಲಸ ಸಾಕು, ನಾಳೆ ಬಾಗಿಲು ತೆರೆಯುವುದು ಬೇಡ ಎಂದುಕೊಂಡು ಕಸ ಗುಡಿಸುತ್ತಿದ್ದಳು.

ಅಮ್ಮ ಬಂದು ಸ್ಟೂಲಿನ ಮೇಲೆ ಕೂತಳು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅಲ್ಲಿ ಕೂತವಳಲ್ಲ.

"ಬರಿ," ಎಂದಳು.

ಹನ್ನೊಂದು ದಿನದ ಮೇಲೆ ಬಂದ ಮೊದಲ ಮಾತು. ಮಗಳು ಪೊರಕೆ ಗೋಡೆಗೆ ಆನಿಸಿದಳು. "ಯಾರನ್ನ?"

"ನನ್ನ. ಈಗಿನ ಮುಖ ಬೇಡ, ಆವತ್ತಿಂದು." ಅಮ್ಮನ ದನಿ ಒಣಗಿತ್ತು, ಆದರೆ ನಡುಗುತ್ತಿರಲಿಲ್ಲ. "ನಾವು ಅವನನ್ನ ಮರೆತ್ವಿ, ಸರಿ. ಅವನಿಗೆ ನಂದು ಗೊತ್ತಿರೋದು ಆವತ್ತಿನ ಮುಖ ಅಲ್ವಾ? ಈ ಮುದಿ ಮುಖ ಹೊತ್ಕೊಂಡು ನಾನೇ ಎದುರಿಗೆ ಹೋಗಿ ನಿಂತರೂ, ದಾರಿ ಬಿಡಿ ಅಜ್ಜಿ ಅಂತಾನೆ. ಆವತ್ತಿಂದು ಬರಿ. ಅದನ್ನ ಅಂಟಿಸೋಣ."

ಮಗಳು, ಇದು ಆಗುವ ಮಾತಲ್ಲ, ಐದು ವರ್ಷದ ಕೂಸಿಗೆ ಏನು ನೆನಪಿರುತ್ತದೆ ಎನ್ನಬೇಕೆಂದುಕೊಂಡಳು. ಎನ್ನಲಿಲ್ಲ. ಹಲಗೆ ತೆಗೆದುಕೊಂಡು ಎದುರು ಕೂತಳು. ಬಂದವರನ್ನೆಲ್ಲ ಕೇಳುವ ಹಾಗೆ, ಆವತ್ತು ಕೂದಲು ಹೇಗೆ ಕಟ್ಟಿದ್ದೆ ಎಂದು ಕೇಳಿದಳು.

"ನಂಗೆಲ್ಲಿ ಗೊತ್ತು? ನನ್ನ ಮುಖ ನಾನು ನೋಡ್ಕೊಂಡಿದ್ನಾ?" ಎಂದಳು ಅಮ್ಮ. "ನೀನು ನೋಡಿದ್ದೆ."

ಅವಳು ನೋಡಿದ್ದಳು. ಅದು ಎಲ್ಲೂ ಹೋಗಿರಲಿಲ್ಲ. ತಮ್ಮನ ಮುಖವಿದ್ದ ಜಾಗದಲ್ಲಿ ಬರೀ ಬಿಳಿ ಕಾಗದವಿತ್ತು, ಆದರೆ ಇದು ನಿನ್ನೆಯದರ ಹಾಗೆ ನಿಂತಿತ್ತು. ಸಡಿಲವಾದ ಗಂಟಿನಿಂದ ಜಾರಿ ಕಿವಿಯ ಮುಂದೆ ಬಿದ್ದ ಕೂದಲು, ಕುತ್ತಿಗೆಗೆ ಅಂಟಿದ ಕಾಲರಿನ ಬಿಳಿ ದಾರ, ಬಿಸಿಲಿಗೆ ಅರ್ಧ ಮುಚ್ಚಿದ ಎಡಗಣ್ಣು. ಪೆನ್ಸಿಲು ಕಾಗದ ಮುಟ್ಟಿತು, ಕೈ ತಡೆಯಲಿಲ್ಲ. ಸ್ಟೂಲಿನ ಮೇಲೆ ಅಮ್ಮ ಬೆನ್ನು ನೆಟ್ಟಗೆ ಮಾಡಿ, ಉಸಿರೂ ಗಟ್ಟಿಯಾಗಿ ಬಿಡದೆ ಕೂತಿದ್ದಳು.

ಕಾಗದದ ಮೇಲೆ ಮೂವತ್ತೊಂದು ವರ್ಷದ ಹೆಂಗಸೊಬ್ಬಳು ಖಾಲಿಯಾದ ಗಂಟಿನ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಯಿಂದ ಹೊರಗೆ ಬರುತ್ತಿದ್ದಳು. ಮೆಟ್ಟಿಲ ಮೇಲೆ ಪಟ್ಟಿ ಹಿಡಿದು ಆಗಷ್ಟೇ ತಲೆ ಎತ್ತಿದ ಮಗಳನ್ನು ಕಂಡು ನಗುತ್ತಿದ್ದಳು. ಇನ್ನೂ ಪಕ್ಕಕ್ಕೆ ನೋಡಿರಲಿಲ್ಲ.